ಗಿಡ ನಾಲ್ಕು, ಮನುಷ್ಯಳು ಒಬ್ಬಳು: ಗಂಡನನ್ನು ವಾಪಸು ಕಳಿಸಿಕೊಡುವ ಬಗ್ಗೆ

ಇಂದ,
ವಾಸ್ಕಾ ರಿಸ್ತೆವ್ಸ್ಕಾ,
ನಿವೃತ್ತ ಹಿರಿಯ ಗುಮಾಸ್ತೆ, ರಜಾ ವಿಭಾಗ
(ಇಲಾಖೆಯ ಹೆಸರು ನನ್ನ ಸೇವಾವಧಿಯಲ್ಲೇ ನಾಲ್ಕಾರು ಸಲ ಬದಲಾದ್ದರಿಂದ ನಮೂದಿಸಿಲ್ಲ),
ನ್ಯಾರಬಂಡಾ, ಕ್ಯಾನ್‌ಬೆರಾ.

ಗೆ,
ಶ್ರೀಮತಿ ರಾಟ್ಕಾ ನಿಕೋಲೋವ್ಸ್ಕಾ,
ನನ್ನ ಗಂಡನ ಅಕ್ಕ ಹಾಗೂ ಸದ್ಯಕ್ಕೆ ಅವರ ಪಾಲಕರು,
ಕ್ವೀನ್‌ಬಿಯನ್, ನ್ಯೂ ಸೌತ್ ವೇಲ್ಸ್.

ವಿಷಯ: ತಮ್ಮ ವಶದಲ್ಲಿರುವ ನನ್ನ ಗಂಡ ಶ್ರೀ ಬ್ಲಾಗೋಯ ರಿಸ್ತೆವ್ಸ್ಕಿ ಅವರನ್ನು, ಅವರ ಪಾಲಿನ ಎರಡು ಗಾಂಜಾ ಗಿಡಗಳು ಹೂ ಮುಗಿಸುವವರೆಗಿನ ಮಟ್ಟಿಗಾದರೂ, ಸ್ವಂತ ಮನೆಗೆ ಬಿಡುಗಡೆ ಮಾಡಿಕೊಡುವ ಬಗ್ಗೆ.

ಉಲ್ಲೇಖ:
1. ಬೂಟಿನ ಲೇಸಿನ ವಿಚಾರವಾಗಿ ತಾವು ಫೋನಿನಲ್ಲಿ ನನ್ನನ್ನು ಬೈದದ್ದು.
2. ಕಳೆದ ಭಾನುವಾರ ತಮ್ಮ ಮನೆಯಲ್ಲಿ ನಡೆದ ಕಾಫಿ.
3. ಪಕ್ಕದ ಮನೆಯ ಶ್ರೀ ರಸ್ಸೆಲ್ ಅವರು ಬೇಲಿಯ ಮೇಲಿಂದ ನಡೆಸಿದ ಎಣಿಕೆ.

ಮಾನ್ಯರೇ,

ಅಕ್ಕಾ ಎಂದು ಬರೆಯಬೇಕಿತ್ತು. ಆದರೆ ಕಚೇರಿ ಪತ್ರದಲ್ಲಿ ಅಕ್ಕ ತಂಗಿಯರು ಇರುವುದಿಲ್ಲವಾದ ಕಾರಣ ಮಾನ್ಯರೇ ಎಂದೇ ಬರೆದಿದ್ದೇನೆ. ಬೇಸರಿಸಿಕೊಳ್ಳಬಾರದು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಈ ಅರ್ಜಿಯನ್ನು ನಾನು ಖುಷಿಗೆ ಬರೆಯುತ್ತಿಲ್ಲ. ಫೋನ್ ಮಾಡಿದರೆ ತಾವೇ ಎತ್ತುತ್ತೀರಿ, ತಾವೇ ಇಡುತ್ತೀರಿ. ಮನೆಗೆ ಬಂದರೆ ಕಾಫಿ ಕೊಟ್ಟು ಕಳಿಸುತ್ತೀರಿ. ಆದ್ದರಿಂದ ನನಗೆ ಗೊತ್ತಿರುವ ಒಂದೇ ದಾರಿ ಉಳಿಯಿತು. ಮೂವತ್ತು ವರ್ಷ ಈ ದೇಶದ ನೌಕರರ ರಜೆ ಅರ್ಜಿಗಳನ್ನು ಓದಿ, ಅರ್ಧಕ್ಕರ್ಧ ತಿರಸ್ಕರಿಸಿದವಳು ನಾನು. ಯಾರ ಅಜ್ಜಿ ಎಷ್ಟು ಸಲ ಸತ್ತಿದ್ದಾಳೆಂಬುದು ನನಗೆ ಬಾಯಿಪಾಠವಿತ್ತು. ಆದಕಾರಣ ತಿರಸ್ಕರಿಸಲು ಆಗದಂಥ ಅರ್ಜಿ ಹೇಗಿರುತ್ತದೆ ಎಂಬುದೂ ನನಗೆ ಗೊತ್ತು. ಅದು ಹೀಗಿರುತ್ತದೆ:

1. ಕಾನೂನಿನ ಸ್ಥಿತಿ. ನಮ್ಮ ಕಡೆ, ಅಂದರೆ ಕ್ಯಾನ್‌ಬೆರಾದ ಗಡಿಯೊಳಗೆ, ವಯಸ್ಕರು ತಾವು ವಾಸವಿರುವ ಮನೆಯ ಹಿತ್ತಿಲಲ್ಲಿ ತಲಾ ಎರಡು ಗಾಂಜಾ ಗಿಡ ಬೆಳೆಸಿಕೊಳ್ಳಬಹುದು. ಮನೆಯಲ್ಲಿ ಎಷ್ಟೇ ತಲೆಗಳಿದ್ದರೂ ಒಟ್ಟು ನಾಲ್ಕು ಮೀರಕೂಡದು. ಬಿಸಿಲಲ್ಲೇ ಬೆಳೆಸಬೇಕು, ದೀಪ ಹಾಕಕೂಡದು. ಮಾರಕೂಡದು, ಯಾರಿಗೂ ಪುಕ್ಕಟೆ ಕೊಡಲೂ ಕೂಡದು. ತಮ್ಮ ಕಡೆ, ಅಂದರೆ ಕಾರಿನಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವಷ್ಟು ದೂರದಲ್ಲಿ, ಒಂದೇ ಒಂದು ಗಿಡವೂ ಕೂಡದು. ರಸ್ತೆಯ ಬದಿಗೆ ನೆಟ್ಟ ಗಡಿ ಫಲಕದ ಈಚೆ ನಿಂತರೆ ನಾನು ತೋಟ ಮಾಡುವ ಹೆಂಗಸು. ಕುಂಡ ಹಿಡಿದು ಆಚೆ ಕಾಲಿಟ್ಟರೆ ಪೊಲೀಸರ ಪಾಲು.

ಗಂಡ ಹೆಂಡತಿ ಇಬ್ಬರೂ ಒಂದೇ ಸೂರಿನಡಿ ಇದ್ದಷ್ಟು ಕಾಲ ನಮ್ಮ ಲೆಕ್ಕ ಸರಿಯಾಗಿತ್ತು. ಗಿಡ ಸಂಖ್ಯೆ ಒಂದು ಮತ್ತು ಎರಡು ನನ್ನವು. ಮೂರು ಮತ್ತು ನಾಲ್ಕು ಅವರವು. ಅವರು ತಮ್ಮಲ್ಲಿಗೆ ಬಂದು ನೆಲೆಸಿದ್ದರಿಂದ, ಅವರು ತಮ್ಮ ಗಿಡಗಳನ್ನು ಅಲ್ಲಿಗೆ ಒಯ್ಯುವಂತಿಲ್ಲ, ನಾನು ಅವನ್ನು ಇಲ್ಲಿ ಇಟ್ಟುಕೊಳ್ಳುವಂತಿಲ್ಲ. ಕಚೇರಿಯ ಒಂದು ಪೆನ್ನನ್ನೂ ಮನೆಗೆ ತಂದವಳಲ್ಲ ನಾನು. ಈಗ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಕಾನೂನು ಮುರಿದಿರುತ್ತೇನೆ.

2. ಗಿಡಗಳ ಸ್ವಭಾವ. "ಇನ್ನೊಂದು ತಿಂಗಳು ಹೋಗಲಿ, ಇಬ್ಬರ ಬಿಸಿಯೂ ಆರಲಿ" ಎಂದು ತಾವು ಹೇಳಿದಿರಿ. ಮನುಷ್ಯರ ಮಟ್ಟಿಗೆ ಅದು ಒಳ್ಳೆಯ ಮಾತೇ. ಆದರೆ ಈ ಗಿಡಗಳಲ್ಲಿ ಎರಡು ಜಾತಿ ಇವೆ ಎಂಬುದನ್ನು ತಾವು ಗಮನಿಸತಕ್ಕದ್ದು. ಮೊದಲನೆಯದು ಸಾವಧಾನದ ಜಾತಿ. ಬೇಸಿಗೆಯೆಲ್ಲ ಸುಮ್ಮನೆ ಬೆಳೆಯುತ್ತದೆ, ಹಗಲು ಕಿರಿದಾದದ್ದನ್ನು ಕಂಡ ಮೇಲೆ ಹೂವಿನ ಯೋಚನೆ ಮಾಡುತ್ತದೆ. ಅದರ ಕೊಂಬೆ ಮುರಿದರೂ ಸುಧಾರಿಸಿಕೊಳ್ಳಲು ಅದಕ್ಕೆ ಪುರುಸೊತ್ತಿದೆ. ನಮ್ಮದು ಎರಡನೆಯದು, ತಾನಾಗಿ ಹೂ ಬಿಡುವ ಜಾತಿ. ಅದು ಹಗಲನ್ನೂ ನೋಡುವುದಿಲ್ಲ, ಇರುಳನ್ನೂ ನೋಡುವುದಿಲ್ಲ, ಮನೆಯವರು ಮಾತು ಬಿಟ್ಟಿದ್ದಾರೆಯೇ ಎಂದೂ ನೋಡುವುದಿಲ್ಲ. ವಯಸ್ಸಿಗೆ ಬಂದ ಕೂಡಲೇ ಹೂ ಬಿಡುತ್ತದೆ. ಬೀಜ ಊರಿದ ಎರಡೂವರೆ ತಿಂಗಳಿಗೆಲ್ಲ ಬಾಳು ಮುಗಿಸುತ್ತದೆ.

ಗಡುವು ವಿಸ್ತರಿಸುವ ಅಧಿಕಾರ ನನಗೆ ಸೇವೆಯ ಕೊನೆಯವರೆಗೂ ಇತ್ತು. ಹೆರಿಗೆಗೆ, ಹರಕೆಗೆ, ಸೊಂಟನೋವಿಗೆ ಎಲ್ಲಕ್ಕೂ ವಿಸ್ತರಿಸಿಕೊಟ್ಟಿದ್ದೇನೆ. ಈ ಗಿಡಕ್ಕೆ ಒಂದು ವಾರ ವಿಸ್ತರಿಸಿಕೊಡುವ ಅಧಿಕಾರಿ ಮಾತ್ರ ಭೂಮಿಯ ಮೇಲೆ ಇಲ್ಲ. ಅದನ್ನು ಚಿವುಟಿದರೆ ಮತ್ತೆ ಚಿಗುರಿ ಸರಿಹೋಗಲು ಅದಕ್ಕೆ ಕಾಲವಿಲ್ಲ, ಚಿವುಟಿಸಿಕೊಂಡಂತೆಯೇ ಹೂ ಬಿಟ್ಟು ಹೊರಟುಹೋಗುತ್ತದೆ. ಈ ಕೊನೆಯ ವಾಕ್ಯವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

3. ಉದ್ದೇಶ. ಬೀಜ ಎಲ್ಲಿಂದ ಬಂತು ಎಂಬ ಕಾಲಂ ಖಾಲಿ ಬಿಡಲಾಗಿದೆ. ಬೆಳೆಸುವ ಉದ್ದೇಶ: ಮೊಣಕಾಲು. ತಮ್ಮ ತಮ್ಮನವರು ಮಂಡಿಯೂರಿ ಕಾಂಕ್ರೀಟ್ ಸವರಿ ಸವರಿ ಈ ರಾಜಧಾನಿಯ ಅರ್ಧ ಕಾಲುದಾರಿಗಳನ್ನು ಹಾಕಿದವರು ಎಂಬುದು ತಮಗೆ ಗೊತ್ತೇ ಇದೆ. ಅವರು ಹಾಕಿದ ದಾರಿಯಲ್ಲಿ ನಡೆದು ನಾನು ಕಚೇರಿಗೆ ಹೋಗುತ್ತಿದ್ದೆ. ಕಳೆದ ವರ್ಷ ಹೂವನ್ನು ನಮ್ಮ ಹಣ್ಣಿನ ಸಾರಾಯಿ ರಾಕಿಯಾದಲ್ಲಿ ನೆನೆಸಿಟ್ಟು ಸಂಜೆ ಸಂಜೆ ಅವರ ಮೊಣಕಾಲಿಗೆ ತಿಕ್ಕಿದೆ. ಗುಣ ಬಂದದ್ದು ಹೂವಿನಿಂದಲೋ, ರಾಕಿಯಾದಿಂದಲೋ, ಬರೀ ತಿಕ್ಕಿದ್ದರಿಂದಲೋ, ಅಥವಾ ಗುಣವೇ ಬಂದಿಲ್ಲವೋ ಎಂಬ ಬಗ್ಗೆ ತನಿಖೆ ನಡೆದಿಲ್ಲ. ರಾಕಿಯಾದ ಒಂದಂಶ ಮೊಣಕಾಲಿನ ಬದಲು ಗಂಟಲಿಗೆ ಹೋಗುತ್ತಿತ್ತು ಎಂಬುದು ದಾಖಲೆಯಲ್ಲಿದೆ. ಅವರು ಕಾಲು ಚಾಚಿ ಕೂರುತ್ತಿದ್ದರು, ನಾನು ತಿಕ್ಕುತ್ತಿದ್ದೆ, ಇಬ್ಬರೂ ಮಾತಾಡುತ್ತಿರಲಿಲ್ಲ. ನನಗೆ ಅದು ಬಹಳ ಇಷ್ಟವಿತ್ತು. ಈಗ ಸಂಜೆಗಳಲ್ಲಿ ನನ್ನ ಕೈಗೆ ಕೆಲಸವಿಲ್ಲ.

4. ಗಿಡಗಳನ್ನು ತಿದ್ದುವ ಕ್ರಮ, ಮತ್ತು ಆ ಬಗೆಗಿನ ಭಿನ್ನಾಭಿಪ್ರಾಯ. ನನ್ನ ಕ್ರಮ ಬಗ್ಗಿಸುವುದು. ಗಿಡ ಇನ್ನೂ ಎಳೆಯದಿರುವಾಗ, ಮಧ್ಯಾಹ್ನದ ಬಿಸಿಲಿಗೆ ಅದು ಕೊಂಚ ಸಡಿಲವಾಗಿರುವ ಹೊತ್ತು ನೋಡಿ, ನಡುಕಾಂಡವನ್ನು ಮೆಲ್ಲಗೆ ಬಾಗಿಸಿ ಕುಂಡದ ಅಂಚಿಗೆ ಕಟ್ಟಬೇಕು. ಕಟ್ಟಲು ನಾನು ಕಚೇರಿಗೆ ಹೋಗುವಾಗ ಹಾಕುತ್ತಿದ್ದ ಹಳೆಯ ನೈಲಾನ್ ಕಾಲುಚೀಲಗಳನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿಟ್ಟಿದ್ದೇನೆ. ಅವು ಹಿಗ್ಗುತ್ತವೆ, ಕಾಂಡವನ್ನು ಕೊರೆಯುವುದಿಲ್ಲ. ತಲೆ ಬಾಗಿದ ಕೂಡಲೇ ಪಕ್ಕದ ಕೊಂಬೆಗಳೆಲ್ಲ ತಾವೇ ತಲೆ ಎಂದುಕೊಂಡು ಮೇಲೇಳುತ್ತವೆ. ಮುಖ್ಯಾಧಿಕಾರಿ ರಜೆಯ ಮೇಲೆ ಹೋದಾಗ ಕಚೇರಿಯಲ್ಲಿ ಆಗುವುದೂ ಇದೇ. ಹೀಗೆ ಒಂದು ಹೂ ಬಿಡುವಲ್ಲಿ ಹತ್ತಾರು ಹೂ ಬಿಡುತ್ತವೆ. ಕತ್ತರಿ ಇಲ್ಲ, ಗಾಯ ಇಲ್ಲ.

ತಮ್ಮ ತಮ್ಮನವರ ಕ್ರಮ ಟೊಮ್ಯಾಟೊ ಕ್ರಮ. ನೀವು ಹುಟ್ಟಿ ಬೆಳೆದ ಊರು ಬಿಟೋಲಾದ ಹೊಲದಲ್ಲಿ ನಿಮ್ಮ ತಂದೆ ಕಲಿಸಿದ್ದು: ಗಿಡಕ್ಕೊಂದು ಗೂಟ ನೆಡು, ನೆಟ್ಟಗೆ ಕಟ್ಟು, ಎಲೆಯ ಕಂಕುಳಲ್ಲಿ ಚಿಗುರಿದ್ದನ್ನೆಲ್ಲ ಚಿವುಟು. ಟೊಮ್ಯಾಟೊಗೆ ಅದು ಸರಿಯೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಸದರಿಯವರ ಹೆಬ್ಬೆರಳಿಗೂ ತೋರುಬೆರಳಿಗೂ ಅವರ ತಲೆಗೂ ಸಂಬಂಧ ತಪ್ಪಿ ಬಹಳ ವರ್ಷಗಳಾದವು. ದಾರಿಯಲ್ಲಿ ನಡೆಯುತ್ತಾ ಪರರ ಬೇಲಿಯನ್ನು ಚಿವುಟುತ್ತಾರೆ. ಬ್ಯಾಂಕಿನಲ್ಲಿ ಸರದಿ ಕಾಯುತ್ತಾ ಕುಂಡದ ಗಿಡ ಚಿವುಟುತ್ತಾರೆ. ತಮ್ಮ ಮಗಳ ಮದುವೆಯಲ್ಲಿ ನಮ್ಮ ಮೇಜಿನ ಮೇಲಿದ್ದ ಹೂಗುಚ್ಛ ಊಟ ಮುಗಿಯುವಷ್ಟರಲ್ಲಿ ಕಡ್ಡಿಯಾಗಿದ್ದು ಹೇಗೆ ಎಂದು ತಾವು ಹೋಟೆಲಿನವರ ಮೇಲೆ ಕೂಗಾಡಿದಿರಿ. ಅದು ಹೋಟೆಲಿನವರ ತಪ್ಪಲ್ಲ ಎಂದು ಈ ಮೂಲಕ ತಿಳಿಸಲಾಗಿದೆ.

ಇದು ಟೊಮ್ಯಾಟೊ ಅಲ್ಲ, ಇದಕ್ಕೆ ಕಾಯುವ ಶಕ್ತಿ ಇಲ್ಲ ಎಂದು ಅವರಿಗೆ ಮೌಖಿಕವಾಗಿ ಹಲವು ಬಾರಿ ಸೂಚಿಸಿದ್ದೆ. "ಗಿಡ ಅಂದ್ರೆ ಗಿಡಾನೇ" ಎಂಬುದು ಅವರ ಉತ್ತರ. ನನ್ನ ಸೂಚನೆ ಕೇಳಿ ಕೇಳಿ ಸಾಕಾಗಿ ನಾಲ್ಕನೇ ಕುಂಡವನ್ನು ಮಳೆನೀರಿನ ತೊಟ್ಟಿಯ ಹಿಂದಕ್ಕೆ, ನನ್ನ ಕಣ್ಣಿಗೆ ಬೀಳದ ಕಡೆಗೆ, ಒಯ್ದಿಟ್ಟುಕೊಂಡರು. ಇದನ್ನೂ ನೆನಪಿನಲ್ಲಿಡಿ.

5. ಘಟನೆ. ಒಂದು ಬೆಳಿಗ್ಗೆ ನಾನು ಹಿತ್ತಿಲಿಗೆ ಹೋದಾಗ ಗಿಡ ಸಂಖ್ಯೆ 3ಕ್ಕೆ ಒಂದೂ ಕೊಂಬೆ ಇರಲಿಲ್ಲ. ಗೂಟಕ್ಕೆ ಒರಗಿಸಿ ನೆಟ್ಟಗೆ ಕಟ್ಟಿದ ಒಂದು ಕಡ್ಡಿ, ತುದಿಯಲ್ಲಿ ನಾಲ್ಕು ಎಲೆ. ಚಿವುಟಿದ ಚಿಗುರುಗಳು ಬುಡದಲ್ಲಿ ಬಿದ್ದಿದ್ದವು. ಪಕ್ಕದಲ್ಲಿ ತಮ್ಮ ತಮ್ಮನವರು ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು, ಮುಖದಲ್ಲಿ ಸಮಾಧಾನ.

"ಇದೇನು ಮಾಡಿದೀಯ?" ಎಂದೆ.

"ಕ್ಲೀನ್ ಮಾಡಿದೆ."

ಆಮೇಲೆ ನಡೆದ ಮಾತುಗಳು ದೀರ್ಘವಾಗಿದ್ದು, ಅವುಗಳಲ್ಲಿ ನಿಮ್ಮ ತಂದೆಯವರ, ನನ್ನ ತಾಯಿಯವರ, ಹಾಗೂ ಹಿಂದೊಮ್ಮೆ ಕೊಂಡ ಒಂದು ಫ್ರಿಜ್ಜಿನ ಪ್ರಸ್ತಾಪ ಬಂದಿತು. ಪ್ರಸ್ತುತಕ್ಕೆ ಸಂಬಂಧಿಸಿದ ಭಾಗ ಮಾತ್ರ ಕೆಳಗಿದೆ.

ನಾನು: "ಕೈಗೆ ಏನು ಸಿಕ್ಕಿದ್ರೂ ಚಿವುಟಿ ಬೋಳು ಮಾಡ್ತೀಯ. ಈ ಮನೇಲಿ ಯಾವುದನ್ನಾದ್ರೂ ಅದರ ಪಾಡಿಗೆ ಅದನ್ನ ಬಿಟ್ಟಿದೀಯಾ?"

ಅವರು: "ನೀನು ಬಿಟ್ಟಿದೀಯಾ? ನಲವತ್ತು ವರ್ಷದಿಂದ ನನ್ನನ್ನ ಬಗ್ಗಿಸಿ ಬಗ್ಗಿಸಿ ಕಟ್ತಾನೇ ಇದೀಯ. ಯಾವ ಕಡೆ ತಲೆ ಎತ್ತಿದ್ರೂ ನಿಂದೊಂದು ದಾರ."

ನಾನು: "ಕಟ್ಟಿದ್ದಕ್ಕೇ ನೆಟ್ಟಗಿದೀಯ."

ಬಗ್ಗಿಸಿ ಕಟ್ಟಿದ್ದು ನೆಟ್ಟಗಿರುವುದು ಹೇಗೆ ಎಂದು ಅವರು ಕೇಳಬಹುದಿತ್ತು. ಕೇಳಲಿಲ್ಲ. ಟೋಪಿ ಹಾಕಿಕೊಂಡು ತೊಟ್ಟಿಯ ಹಿಂದಕ್ಕೆ ಹೋದರು. ಬಹಳ ಹೊತ್ತು ಅಲ್ಲೇ ಇದ್ದರು. ನಾನು ಅಡಿಗೆಮನೆಯ ಕಿಟಕಿಯಿಂದ ನೋಡಲಿಲ್ಲ, ನೋಡಿದೆ ಅಂತ ಅವರಿಗೆ ಅನ್ನಿಸಿಬಿಟ್ಟರೆ ಎಂಬ ಕಾರಣಕ್ಕೆ. ಆಮೇಲೆ ಅವರ ಕಾರು ಹೊರಟ ಸದ್ದು ಕೇಳಿತು.

6. ಲೇಸು. ಅದೇ ಸಂಜೆ ತಾವು ಫೋನ್ ಮಾಡಿ ಹೀಗೆ ಹೇಳಿದಿರಿ: "ಏನೇ ಜಗಳ ಆಗ್ಲಿ ವಾಸ್ಕಾ, ಮನುಷ್ಯನಿಗೆ ಬೂಟಿನ ಲೇಸು ಕಟ್ಕೊಳ್ಳೋಕಾದ್ರೂ ಬಿಡಬೇಕಮ್ಮ. ಲೇಸೇ ಇಲ್ಲದ ಬೂಟು ಹಾಕ್ಕೊಂಡು, ಬಾತುಕೋಳಿ ಹಂಗೆ ಕಾಲು ಎಳ್ಕೊಂಡು ಬಂದಿದಾನೆ. ನಮ್ಮ ಬೀದಿಯವರೆಲ್ಲ ನೋಡಿದ್ರು." ಲೇಸಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ ಎಂದು ಆಗ ಹೇಳಿದ್ದೆ. ತಾವು ನಂಬಲಿಲ್ಲ. ಅದು ನಿಜವಾಗಿತ್ತು.

7. ನೆರೆಯವರ ಆಕ್ಷೇಪಣೆ. ಪಕ್ಕದ ಮನೆಯ ಶ್ರೀ ರಸ್ಸೆಲ್ ಅವರು ಲೆಕ್ಕ ತಪಾಸಣೆಯಿಂದ ನಿವೃತ್ತರಾದವರು. ನಿವೃತ್ತಿಯಾದದ್ದು ಕಚೇರಿಯಿಂದ ಮಾತ್ರ. ಬೇಲಿಯ ಆಚೆ ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತು ನಮ್ಮ ಹಿತ್ತಿಲು ನೋಡುವುದು ಅವರ ಬೆಳಗಿನ ವ್ಯಾಯಾಮ. ಬ್ಲಾಗೋಯ ಹೋದ ಮೊದಲ ವಾರ ಏನೂ ಹೇಳಲಿಲ್ಲ. ಎರಡನೇ ವಾರ, "ವಾಸ್ಕಾ ಅವ್ರೇ, ಗಿಡ ನಾಲ್ಕು ಕಾಣ್ತಾ ಇದೆ. ಮನುಷ್ಯರು ಮಾತ್ರ ಒಬ್ರೇ ಕಾಣ್ತಿದಾರೆ," ಎಂದರು. ಅವರು ಸೋದರಿಯ ಮನೆಗೆ ಹೋಗಿದ್ದಾರೆ ಎಂದೆ. ಹೋಗಿದ್ದಾರೋ, ಹೊರಟೇ ಹೋಗಿದ್ದಾರೋ ಎಂದು ಕೇಳಿದರು. ಈ ಪ್ರಶ್ನೆಯನ್ನು ಬಾಕಿ ಕಡತಕ್ಕೆ ಸೇರಿಸಿದ್ದೇನೆ. ರಸ್ಸೆಲ್ ಕೆಟ್ಟವರಲ್ಲ, ಯಾರಿಗೂ ಹೇಳುವುದಿಲ್ಲ. ಆದರೆ ಲೆಕ್ಕ ತಾಳೆಯಾಗದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲವಂತೆ. ಇಳಿಯುವ ಮೊದಲು, "ಅಂದ್ಹಾಗೆ ಆ ನಾಲ್ಕನೇದು ತುಂಬಾ ಚೆನ್ನಾಗಿ ಬಂದಿದೆ," ಎಂದರು. ನನ್ನ ಎರಡನ್ನು ಹೊಗಳದೆ ಅವರದನ್ನು ಹೊಗಳಿದರಲ್ಲ ಎಂದು ನನಗೆ ಸಿಟ್ಟು ಬಂತು. ಆ ಗಿಡವನ್ನು ನಾನು ನೋಡಲು ಹೋಗಲಿಲ್ಲ. ಹಟ. ತೊಟ್ಟಿಯ ಈಚೆ ನಿಂತು ಪೈಪಿನ ಬಾಯಿ ಎತ್ತಿ ಹಿಡಿದು ಆಚೆಗೆ ನೀರು ಹಾರಿಸುತ್ತಿದ್ದೆ, ಅಷ್ಟೇ.

8. ತಮ್ಮ ಮನೆಗೆ ಭೇಟಿ. ಭಾನುವಾರ ನಾನೇ ಬಂದೆ. ತಾವು ಪದ್ಧತಿಯಂತೆ ಒಂದು ಚಮಚ ಅಂಜೂರದ ಸಿಹಿ, ಒಂದು ಲೋಟ ನೀರು, ಆಮೇಲೆ ಕಾಫಿ ಕೊಟ್ಟಿರಿ. ಆ ವಿಚಾರದಲ್ಲಿ ತಮ್ಮಲ್ಲಿ ಕುಂದು ಹುಡುಕುವಂತಿಲ್ಲ.

"ಬ್ಲಾಗೋಯ ಒಳಗಿದಾನಾ ಅಕ್ಕಾ?" ಎಂದೆ.

"ಒಳಗಿಲ್ಲ."

"ಹೊರಗೆ?"

"ಹೊರಗೂ ಇಲ್ಲ."

ಇವೆರಡನ್ನು ಬಿಟ್ಟು ಮೂರನೆಯ ಜಾಗ ಯಾವುದು ಎಂದು ನಾನು ಕೇಳಲಿಲ್ಲ, ಏಕೆಂದರೆ ಅಷ್ಟರಲ್ಲಿ ತಮ್ಮ ಹುರುಳಿಕಾಯಿ ಬಳ್ಳಿಯ ಚಪ್ಪರದ ಹಿಂದೆ ಅವರ ಟೋಪಿ ಕಂಡಿತು. ಟೋಪಿ ನನ್ನನ್ನು ನೋಡಿ ಸ್ವಲ್ಪ ಕೆಳಗಿಳಿಯಿತು. ತಮ್ಮ ತೋಟವನ್ನೂ ಗಮನಿಸಿದೆ. ಟೊಮ್ಯಾಟೊ ಬೋಳಾದದ್ದು ಸರಿ, ಮೆಣಸಿನ ಗಿಡಗಳೂ ಬೋಳು, ಗುಲಾಬಿಯೂ ಬೋಳು. ತಮ್ಮ ಗುಲಾಬಿಯ ಬಗ್ಗೆ ನನಗೆ ನಿಜವಾಗಿ ದುಃಖವಿದೆ. ಅವರನ್ನು ಇನ್ನೂ ಒಂದು ತಿಂಗಳು ಇಟ್ಟುಕೊಂಡರೆ ನಿಂಬೆ ಮರವೂ ಉಳಿಯುವುದಿಲ್ಲ ಎಂದು ಹಿತೈಷಿಯಾಗಿ ಎಚ್ಚರಿಸುತ್ತೇನೆ.

ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕೆಂಪು ದಪ್ಪ ಮೆಣಸಿನಕಾಯಿಯ ಪೆಟ್ಟಿಗೆಗಳು ಮಾಡಿನವರೆಗೂ ಇದ್ದವು, ಪಕ್ಕದಲ್ಲಿ ಅವನ್ನು ಸುಡುವ ಹೊಸ ಡ್ರಮ್ಮು. ಮೆಣಸಿನಕಾಯಿ ಸುಟ್ಟು ಅರೆದು ಕಾಯಿಸಿ ಐವಾರ್ ಗೊಜ್ಜು ಮಾಡುವ ಕಾಲ ಬಂದಿದೆ, ಡ್ರಮ್ಮು ತಿರುಗಿಸಲು, ದಿನವಿಡೀ ಕಡಾಯಿ ಕೈಯಾಡಿಸಲು ಗಂಡಾಳು ಬೇಕು, ತಮ್ಮ ಮನೆಯವರಿಗೆ ಸೊಂಟ ಬಗ್ಗುವುದಿಲ್ಲ. ತಮ್ಮನ ಮೇಲಿನ ಅಕ್ಕರೆ ಒಂದೇ ಅವರನ್ನು ಅಲ್ಲಿ ಹಿಡಿದಿಟ್ಟಿಲ್ಲ ಎಂಬ ಅನುಮಾನವನ್ನು ನಾನು ಇಲ್ಲಿ ಗೌರವಪೂರ್ವಕವಾಗಿ ದಾಖಲಿಸುತ್ತೇನೆ.

ಹೊರಡುವಾಗ ತಾವು ಆಡಿದ ಮಾತು ಚುಚ್ಚಿತು. "ನಮ್ಮಮ್ಮ ಇದೇ ಜಾತಿ ಗಿಡ ಕೆರೇಲಿ ಕೊಳೆಸಿ, ನಾರು ಬಿಡಿಸಿ, ಹಗ್ಗ ಹೊಸೀತಿದ್ಲು. ನೀನು ಗಿಡಕ್ಕೇ ಹಗ್ಗ ಕಟ್ತೀಯ. ಎಲ್ಲಾದ್ರೂ ಉಂಟಾ?" ನಾನು ಚಪ್ಪರದ ಕಡೆಗೆ ತಿರುಗಿ, "ಮೂರನೇದು ಹೂ ಬಿಡ್ತಾ ಇದೆ," ಎಂದು ಹುರುಳಿಕಾಯಿ ಬಳ್ಳಿಗೆ ಜೋರಾಗಿ ತಿಳಿಸಿದೆ. ಟೋಪಿ ಅಲುಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಗಡಿಯ ಫಲಕದ ಹತ್ತಿರ ನನ್ನ ಕಾರು ನಿಲ್ಲಿಸಬೇಕಾಯಿತು, ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ.

9. ಪರಿಶೀಲಿಸಲಾದ ಬದಲಿ ಮಾರ್ಗಗಳು.

(ಅ) ಅವರು ಇಲ್ಲೇ ವಾಸವಿದ್ದಾರೆ ಎಂದು ತೋರಿಸುವುದು. ಅವರ ಮನೆಚಪ್ಪಲಿ ಬಾಗಿಲಲ್ಲೇ ಇದೆ, ಅವರ ಕಪ್ಪಿಗೆ ದಿನಾ ಕಾಫಿ ಬಗ್ಗಿಸುತ್ತೇನೆ, ಆಮೇಲೆ ನಾನೇ ಕುಡಿಯುತ್ತೇನೆ. ರಸ್ಸೆಲ್ ಅವರಿಗೆ ಚಪ್ಪಲಿ ತೋರಿಸಿದೆ. ಚಪ್ಪಲಿಯನ್ನು ಒಬ್ಬ ವ್ಯಕ್ತಿ ಎಂದು ಪರಿಗಣಿಸಲಾಗದು ಎಂದರು.

(ಆ) ರಸ್ಸೆಲ್ ಅವರೇ ಬಂದು ವಾಸ ಮಾಡುವುದು. ಇದು ಅವರ ಸಲಹೆ. ಅವರ ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತು, ತಾವು ಒಬ್ಬ ವಯಸ್ಕರು, ತಮ್ಮ ಹೆಸರಿನಲ್ಲಿ ಗಿಡ ಯಾವುದೂ ಇಲ್ಲ, ಮಾಂಸ ಸುಡುವ ಒಲೆಯನ್ನೂ ತಾವೇ ತರುವುದಾಗಿ ಹೇಳಿದರು. ಇದನ್ನು ಅವರು ಬರೀ ಲೆಕ್ಕ ತಾಳೆಯಾಗಲೆಂದು ಹೇಳಿದರೆಂದೇ ನಾನು ನಂಬಿದ್ದೇನೆ. ನಾನು ಒಪ್ಪಿಲ್ಲ. ಆದರೆ ಈ ವಿಷಯವನ್ನು ತಾವು ಹುರುಳಿಕಾಯಿ ಬಳ್ಳಿಗೆ ಕೇಳಿಸುವಂತೆ ಓದಿ ಹೇಳಿದರೆ ನನ್ನ ಆಕ್ಷೇಪಣೆ ಇರುವುದಿಲ್ಲ.

(ಇ) ಎರಡು ಗಿಡಗಳನ್ನು ಕಡಿದುಹಾಕುವುದು. ಕಾನೂನು ಬಯಸುವುದು ಇದನ್ನೇ. ನಿನ್ನೆ ಮಧ್ಯಾಹ್ನ ಕತ್ತರಿ ತೆಗೆದುಕೊಂಡು ಹಿತ್ತಿಲಿಗೆ ಹೋದೆ. ಗಿಡ ಸಂಖ್ಯೆ 3 ಗೂಟದ ಪಕ್ಕ ನೆಟ್ಟಗೆ ನಿಂತಿತ್ತು, ಮೊದಲ ಸಲ ರಜೆ ಕೇಳಲು ಬಂದ ಹೊಸ ನೌಕರನ ಹಾಗೆ. ಕೊಂಬೆ ಇಲ್ಲ, ಏನಿಲ್ಲ, ತುದಿಯಲ್ಲಿ ಒಂದೇ ಒಂದು ಹೂಗೊಂಚಲು ಹಿಡಿದುಕೊಂಡು, ಇದ್ದದ್ದು ಇಷ್ಟೇ ಎಂಬಂತೆ. ಅದನ್ನು ಮೊದಲು ಕಡಿಯಲು ಮನಸ್ಸು ಬರಲಿಲ್ಲ. ನಾಲ್ಕನೆಯದರಿಂದ ಶುರುಮಾಡೋಣ ಎಂದು ತೊಟ್ಟಿಯ ಹಿಂದಕ್ಕೆ ಹೋದೆ. ಅವರು ಹೋದ ಮೇಲೆ ನಾನು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು.

10. ಕಂಡುಬಂದ ಸಂಗತಿ. ಗಿಡ ಸಂಖ್ಯೆ 4 ಬಗ್ಗಿತ್ತು. ನಡುಕಾಂಡ ಕುಂಡದ ಅಂಚಿನ ಸುತ್ತ ಬಳಸಿಕೊಂಡು ಮಲಗಿತ್ತು, ಅದರ ಮೇಲೆ ಕೊಂಬೆಗಳೆಲ್ಲ ಒಂದೇ ಎತ್ತರಕ್ಕೆ ಎದ್ದು ನಿಂತಿದ್ದವು, ಪ್ರತಿಯೊಂದರ ತುದಿಯಲ್ಲೂ ಹೂ. ನನ್ನ ಎರಡು ಗಿಡಗಳಿಗಿಂತ ಚೆನ್ನಾಗಿತ್ತು. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ, ಆದರೂ ದಾಖಲೆ ದಾಖಲೆಯೇ.

ಕಟ್ಟಿದ್ದು ಎರಡು ಕಂದು ಬಣ್ಣದ ಬೂಟಿನ ಲೇಸುಗಳಿಂದ.

ನನ್ನ ಕಾಲುಚೀಲದ ಪಟ್ಟಿಗಳು ಒಳಗೆ ನನ್ನ ಹೊಲಿಗೆ ಡಬ್ಬಿಯಲ್ಲಿದ್ದವು. ಅಷ್ಟೆಲ್ಲ ಮಾತಾದ ಮೇಲೆ ಒಳಗೆ ಬಂದು ನನ್ನನ್ನು ಕೇಳುವ ಮನುಷ್ಯ ಅವರಲ್ಲ. ಲೇಸು ಕಾಂಡಕ್ಕೆ ತಾಗುವ ಕಡೆ ಕರವಸ್ತ್ರ ಹರಿದು ಮೆತ್ತಗೆ ಸುತ್ತಿದ್ದರು. ಬೇಗ ಬೇಗ ಮಾಡಿದ ಕೆಲಸವಲ್ಲ ಅದು. ಹೊರಟು ನಿಂತ ಮನುಷ್ಯ, ಸಿಟ್ಟಿನಲ್ಲಿದ್ದ ಮನುಷ್ಯ, ಆ ಮೊಣಕಾಲಿನ ಮೇಲೆ ಕೂತು ಮಾಡಿದ ಕೆಲಸ. ಚಿಗುರು ಒಂದನ್ನೂ ಮುಟ್ಟಿರಲಿಲ್ಲ. ಬುಡದ ಹತ್ತಿರ ಒಂದೇ ಒಂದು ಎಲೆ ಚಿವುಟಿದ್ದರು. ಅಷ್ಟನ್ನು ಅವರಿಗೆ ತಡೆದುಕೊಳ್ಳಲು ಆಗಿರಲಿಕ್ಕಿಲ್ಲ.

ಅರ್ಜಿದಾರಳು ಅಲ್ಲಿದ್ದ ಗೊಬ್ಬರದ ಚೀಲದ ಮೇಲೆ ಕುಳಿತು ಅತ್ತಳು. ಬೇಲಿಯ ಮೇಲಿಂದ ಶ್ರೀ ರಸ್ಸೆಲ್ ಅವರು, "ನಾನು ಹೇಳಿರಲಿಲ್ವಾ, ನಾಲ್ಕನೇದು ಚೆನ್ನಾಗಿದೆ ಅಂತ," ಎಂದು ಹೇಳಿ, ನನ್ನ ಮುಖ ನೋಡಿ, ಬಕೆಟ್ಟಿನಿಂದ ಇಳಿದು ಹೋದರು. ಅವರು ಎಣಿಸುವುದನ್ನು ಅರ್ಧಕ್ಕೆ ಬಿಟ್ಟು ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮೇಲೆ ವಿವರಿಸಿದ ಎಲ್ಲ ಕಾರಣಗಳಿಂದಾಗಿ, ಹಾಗೂ ಗಿಡಗಳು ಕಾಯುವುದಿಲ್ಲವಾದ ಕಾರಣ, ಹಾಗೂ ನನಗೂ ಕಾಯಲು ಆಗುತ್ತಿಲ್ಲವಾದ ಕಾರಣ, ತಮ್ಮಲ್ಲಿ ಕೋರುವುದೇನೆಂದರೆ:

ಮೊದಲನೆಯದಾಗಿ, ಇದರೊಂದಿಗೆ ಲಗತ್ತಿಸಿರುವ ಹೊಸ ಲೇಸುಗಳನ್ನು ಅವರಿಗೆ ತಲುಪಿಸತಕ್ಕದ್ದು. ಬಾತುಕೋಳಿಯಂತೆ ಕಾಲೆಳೆದುಕೊಂಡು ಬಂದವರು ನೆಟ್ಟಗೆ ಕಟ್ಟಿಕೊಂಡು ಹೋಗಲಿ. ಕಟ್ಟುವಾಗ ಅವರಿಗೆ ಬಗ್ಗಲು ಆಗುವುದಿಲ್ಲ, ತಾವೇ ಕಟ್ಟಬೇಕಾಗುತ್ತದೆ. ಬಲಗಾಲಿನದನ್ನು ಸ್ವಲ್ಪ ಸಡಿಲವಾಗಿ.

ಎರಡನೆಯದಾಗಿ, ತಮ್ಮ ಮೆಣಸಿನಕಾಯಿಯ ಬಗ್ಗೆ ಚಿಂತೆ ಬೇಡ. ಅವರನ್ನು ಬಿಡುಗಡೆ ಮಾಡಿದಲ್ಲಿ ಐವಾರ್ ಮಾಡುವ ದಿನ ನಾವಿಬ್ಬರೂ ಬರುತ್ತೇವೆ. ಅವರು ಡ್ರಮ್ಮು ತಿರುಗಿಸುತ್ತಾರೆ, ಕಡಾಯಿ ನಾನು ಕೈಯಾಡಿಸುತ್ತೇನೆ. ನನ್ನ ಐವಾರ್ ತಮ್ಮದಕ್ಕಿಂತ ಚೆನ್ನಾಗಿರುತ್ತದೆ ಎಂಬ ವಿಷಯವನ್ನು ಆ ದಿನ ಪ್ರಸ್ತಾಪಿಸುವುದಿಲ್ಲ ಎಂದು ಲಿಖಿತವಾಗಿ ಒಪ್ಪುತ್ತೇನೆ.

ಮೂರನೆಯದಾಗಿ, ಮುಂದಿನ ಬಿತ್ತನೆಯಿಂದ ಅವರ ಎರಡು ಗಿಡಗಳಲ್ಲಿ ಒಂದನ್ನು ಅವರ ಇಚ್ಛೆಯಂತೆ ಚಿವುಟಲು ಅನುಮತಿ ನೀಡಲಾಗಿದೆ. ನಾನು ನೋಡುವುದಿಲ್ಲ. ನೋಡಿದರೂ ಬಾಯಿ ಬಿಡುವುದಿಲ್ಲ. ಬಿಟ್ಟರೂ ಫ್ರಿಜ್ಜಿನ ವಿಚಾರ ಎತ್ತುವುದಿಲ್ಲ.

ನಾನು ಅತ್ತ ವಿಷಯವನ್ನು ಅವರಿಗೆ ತಿಳಿಸಕೂಡದು. ನಾಲ್ಕನೇದು ಚೆನ್ನಾಗಿ ಬಂದಿದೆ ಎಂದಷ್ಟೇ ಹೇಳತಕ್ಕದ್ದು, ಬೇಕಿದ್ದರೆ ಎರಡು ಸಲ. ಈ ಅರ್ಜಿಯನ್ನು ಕ್ಷಮಾಪಣೆ ಎಂದು ಓದಿಕೊಳ್ಳತಕ್ಕದ್ದಲ್ಲ. ಯಾರಾದರೂ ಹಾಗೆ ಓದಿಕೊಂಡರೆ ನಾನು ತಡೆಯಲು ಬರುವುದೂ ಇಲ್ಲ.

ಅರ್ಜಿಯನ್ನು ತಾವು ತಿರಸ್ಕರಿಸಿದಲ್ಲಿ, ಬರುವ ಭಾನುವಾರ ಮೇಲ್ಮನವಿಯನ್ನು ಹುರುಳಿಕಾಯಿ ಬಳ್ಳಿಗೆ ನೇರವಾಗಿ ಸಲ್ಲಿಸಲಾಗುವುದು.

ತಮ್ಮ ವಿಶ್ವಾಸಿ, ಕಾಫಿಯ ಮಟ್ಟಿಗೆ ಋಣಿ, ಗುಲಾಬಿಯ ಮಟ್ಟಿಗೆ ದುಃಖಿ,
ವಾಸ್ಕಾ

ಅಡಕಗಳು:
1. ಬೂಟಿನ ಲೇಸು, ಕಂದು, ಹೊಸದು, ಒಂದು ಜೊತೆ.
2. ಮನೆಚಪ್ಪಲಿ, ಎಡಗಾಲಿನದು ಮಾತ್ರ. ಬಲಗಾಲಿನದು ಬಾಗಿಲಲ್ಲೇ ಇದೆ.
3. ಗಿಡ ಸಂಖ್ಯೆ 4ರ ಭಾವಚಿತ್ರ. ಗಿಡವನ್ನೇ ಕಳಿಸೋಣವೆಂದರೆ ಅದು ಗಡಿಯಾಚೆ ಅಪರಾಧವಾಗುತ್ತದೆ; ಚಿತ್ರದ ಬಗ್ಗೆ ರಸ್ಸೆಲ್ ಅವರನ್ನು ವಿಚಾರಿಸಲಾಗಿ, ಅಡ್ಡಿಯಿಲ್ಲ ಎಂದರು.

ಪ್ರತಿ: ಶ್ರೀ ರಸ್ಸೆಲ್, ಬೇಲಿಯ ಆಚೆ. ಮಾಹಿತಿಗಾಗಿ, ಹಾಗೂ ಒಲೆಯನ್ನು ಇದ್ದಲ್ಲೇ ಇಟ್ಟುಕೊಳ್ಳುವ ಸಲುವಾಗಿ.

ವಿಶೇಷ ಸೂಚನೆ: ಹೊಸ ಲೇಸು ಬೇಡ, ಹಳೆಯದನ್ನೇ ಬಿಚ್ಚಿ ಕಳಿಸು ಎಂದು ಸದರಿಯವರು ಹಟ ಹಿಡಿದಲ್ಲಿ, ಆ ಕೋರಿಕೆಯನ್ನು ಪರಿಗಣಿಸಲು ಸಾಧ್ಯವಿಲ್ಲವೆಂದು ವಿಷಾದದಿಂದ ತಿಳಿಸಲಾಗಿದೆ. ಗಂಟು ಅವರದು, ನನಗೆ ಬಿಚ್ಚಲು ಬರುವುದಿಲ್ಲ. ಲೇಸಿನ ಮಾಲೀಕರು ಖುದ್ದು ಹಾಜರಾಗಿ, ಹೂ ಮುಗಿದ ಮೇಲೆ, ತಾವೇ ಬಿಚ್ಚಿಕೊಳ್ಳತಕ್ಕದ್ದು.